ಕುದುರೆಯ ಬಾಯಿಯಲ್ಲಿ ವಯಸ್ಸನ್ನಷ್ಟೇ ಅಲ್ಲ, ನೋವನ್ನೂ ನೋಡಿ

ಕುದುರೆ ಕೊಳ್ಳುವಾಗ ತುಟಿ ಎತ್ತಿ ಹಲ್ಲು ನೋಡದವರು ಜತ್ತ ಸೀಮೆಯಲ್ಲಿ ಇಲ್ಲವೆಂದೇ ಹೇಳಬೇಕು. ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಗಳ ಸುಮಾರಿಗೆ ಬಾಚಿಹಲ್ಲುಗಳು ಜೋಡಿಜೋಡಿಯಾಗಿ ಬಿದ್ದು ಹೊಸವು ಬರುತ್ತವೆ. ಅವುಗಳ ಸವೆತ ನೋಡಿ ಕುದುರೆಯ ವಯಸ್ಸನ್ನು ಅಂದಾಜಿಸುವ ಅನುಭವ ನಮ್ಮ ರೈತರಿಗೂ ಕುರಿಗಾರರಿಗೂ ಇದೆ. ಆದರೆ ಕೊಂಡು ತಂದ ಮೇಲೆ ಅದೇ ಬಾಯಿಯನ್ನು ಮತ್ತೊಮ್ಮೆ ತೆರೆಸಿ ನೋಡುವವರು ವಿರಳ. ನೋಡಿದರೂ ಕಾಣುವುದು ಮುಂದಿನ ಸಾಲು ಮಾತ್ರ. ಪೂರ್ಣ ಬೆಳೆದ ಗಂಡು ಕುದುರೆಗೆ ಸಾಮಾನ್ಯವಾಗಿ 40, ಹೆಣ್ಣಿಗೆ 36 ಹಲ್ಲುಗಳಿರುತ್ತವೆ. ಅವುಗಳಲ್ಲಿ 24 ಹಲ್ಲುಗಳು ಕೆನ್ನೆಯ ಮರೆಯಲ್ಲಿ ಒಳಗಿನ ದವಡೆಯಲ್ಲಿವೆ. ಮೇವು ಅರೆಯುವುದು ಆ ಹಲ್ಲುಗಳೇ, ನೋವು ಹೆಚ್ಚಾಗಿ ಹುಟ್ಟುವುದೂ ಅಲ್ಲಿಯೇ. ಆದ್ದರಿಂದ ಕುದುರೆ ತಾನಾಗಿ ಮೇವು ಬಿಡುವವರೆಗೆ ಕಾಯದೆ, ಆರೋಗ್ಯವಾಗಿರುವಾಗಲೇ ವರ್ಷಕ್ಕೊಮ್ಮೆ ದವಡೆ ಹಲ್ಲುಗಳನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸುವುದು ಸಾಕಣೆಯ ಭಾಗವಾಗಬೇಕು.

ಜತ್ತ ತಾಲ್ಲೂಕಿನಲ್ಲಿ ಕುದುರೆ ಇನ್ನೂ ದುಡಿಯುವ ಪ್ರಾಣಿ. ಮಾಡಗ್ಯಾಳ ಕುರಿಗಳ ಹಿಂಡು ಹೊಡೆದುಕೊಂಡು ಮೇವು ಅರಸಿ ಹೊರಡುವ ಕುರಿಗಾರರ ಗುಡಾರ, ಪಾತ್ರೆ, ಎಳೆ ಮರಿಗಳನ್ನೆಲ್ಲ ಹೊರುವುದು ಅವರ ಗಿಡ್ಡ ಕುದುರೆಯೇ. ಭೀಮಾ ತೀರದ ಹೆಸರು ಹೊತ್ತ ಭೀಮಥಡಿ ಕುದುರೆ ದಖ್ಖನ್ನಿನ ಧನಗರ, ಕುರುಬರ ಬಳಿಯಲ್ಲೇ ಉಳಿದುಬಂದ ತಳಿ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಇತ್ತೀಚೆಗೆ ಅದನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಗಾಡಿ ಶರ್ಯತ್ತಿಗೆ, ಜಾತ್ರೆ ಮೆರವಣಿಗೆಗೆ, ಮದುವೆಗೆ ಕುದುರೆ ಸಾಕುವವರೂ ಇದ್ದಾರೆ. ಆದರೆ ದೇಶದಲ್ಲಿ ಕುದುರೆಗಳ ಸಂಖ್ಯೆ ವೇಗವಾಗಿ ಇಳಿಯುತ್ತಿದೆ. 2012ರ ಜಾನುವಾರು ಗಣತಿಗೆ ಹೋಲಿಸಿದರೆ 2019ರ ಗಣತಿಯಲ್ಲಿ ಅದು ಶೇ 45ಕ್ಕಿಂತ ಹೆಚ್ಚು ಕುಸಿದು ಸುಮಾರು 3.4 ಲಕ್ಷಕ್ಕೆ ಬಂದಿತ್ತು. ಪ್ರಾಣಿ ಕಡಿಮೆಯಾದಂತೆ ಅದರ ಕಾಯಿಲೆ ಬಲ್ಲವರೂ ಕಡಿಮೆಯಾಗುತ್ತಾರೆ. ಹೀಗಾಗಿ ಸಾಕುವವರೇ ಲಕ್ಷಣಗಳನ್ನು ಗುರುತಿಸಲು ಕಲಿಯುವುದು ಇಂದು ಹೆಚ್ಚು ಅಗತ್ಯ.

ಹಲ್ಲು ಮೊನಚಾಗುವುದು ಏಕೆ?

ಮನುಷ್ಯರ ಹಲ್ಲು ಒಮ್ಮೆ ಬೆಳೆದು ನಿಲ್ಲುತ್ತದೆ. ಕುದುರೆಯ ದವಡೆ ಹಲ್ಲು ಹಾಗಲ್ಲ. ಎಳೆಯ ಕುದುರೆಯಲ್ಲಿ ಅದರ ಬಹುಭಾಗ ಮೂಳೆಯೊಳಗೆ ಹುದುಗಿರುತ್ತದೆ, ಮೇಲ್ಭಾಗ ಸವೆದಂತೆ ವರ್ಷಕ್ಕೆ 2ರಿಂದ 3 ಮಿಲಿಮೀಟರಿನಷ್ಟು ಹೊರಗೆ ಬರುತ್ತಾ ಹೋಗುತ್ತದೆ. ಸವೆತವೂ ಬೆಳವಣಿಗೆಯೂ ಸಮವಾಗಿದ್ದರೆ ತೊಂದರೆಯಿಲ್ಲ. ಆದರೆ ಕುದುರೆಯ ಮೇಲ್ದವಡೆಗಿಂತ ಕೆಳದವಡೆ ಸುಮಾರು ಕಾಲು ಭಾಗದಷ್ಟು ಕಿರಿದು. ಮೇಲಿನ ಹಲ್ಲಿನ ಹೊರ ಅಂಚಿಗೂ ಕೆಳಗಿನ ಹಲ್ಲಿನ ಒಳ ಅಂಚಿಗೂ ಎದುರು ಹಲ್ಲಿನ ಉಜ್ಜುವಿಕೆ ಸಿಗಬೇಕಾದರೆ ದವಡೆ ಎಡಬಲಕ್ಕೆ ಅಗಲವಾಗಿ ಆಡಬೇಕು. ಆಡದಿದ್ದರೆ ಆ ಅಂಚುಗಳು ಸವೆಯದೆ ಚೂಪಾಗಿ ಉಳಿಯುತ್ತವೆ. ಮೇಲಿನವು ಕೆನ್ನೆಯ ಒಳಚರ್ಮವನ್ನು, ಕೆಳಗಿನವು ನಾಲಿಗೆಯ ಅಂಚನ್ನು ಕೊಯ್ದು ಹುಣ್ಣು ಮಾಡುತ್ತವೆ. ಅದರ ಮೇಲೆ ಲಗಾಮು ಬಿಗಿದರೆ ಕೆನ್ನೆ ನೇರವಾಗಿ ಆ ಚೂಪಿಗೆ ಒತ್ತುತ್ತದೆ.

ದವಡೆ ಅಗಲವಾಗಿ ಆಡುವುದೋ ಇಲ್ಲವೋ ಎಂಬುದು ಮೇವಿನ ಮೇಲೆ ನಿಂತಿದೆ. ಬಯಲಿನಲ್ಲಿ ಬಿಟ್ಟ ಕುದುರೆ ದಿನದ ಬಹುಪಾಲು ಹೊತ್ತು ಮೇಯುತ್ತಲೇ ಇರುತ್ತದೆ. ಒಂದು ಕಿಲೋ ಒಣಹುಲ್ಲು ಅರೆಯಲು ಸುಮಾರು ಮೂರು ಸಾವಿರ ಸಲ ದವಡೆ ಆಡಿಸಿದರೆ, ಅಷ್ಟೇ ತೂಕದ ಕಾಳಿಗೆ ಸಾವಿರ ಸಲವೂ ಬೇಕಾಗುವುದಿಲ್ಲ. ಕಾಳು ತಿನ್ನುವಾಗ ದವಡೆ ಆಡುವ ಅಗಲವೂ ಕಡಿಮೆ. ಶರ್ಯತ್ತಿನ ಕುದುರೆಯನ್ನು ಕೊಟ್ಟಿಗೆಯಲ್ಲಿ ಕಟ್ಟಿ, ಹುರುಳಿ, ಕಡಲೆ ಹೆಚ್ಚು ಹಾಕಿ, ಮೇವು ಕಡಿಮೆ ಮಾಡಿದಾಗ ಹಲ್ಲಿನ ಅಂಚು ಮೊನಚಾಗುವ ದಾರಿಯನ್ನು ನಾವೇ ಮಾಡಿಕೊಡುತ್ತೇವೆ. ಇದರಿಂದ ಮೊದಲ ಆಕ್ಷೇಪಕ್ಕೂ ಉತ್ತರ ಸಿಗುತ್ತದೆ. ‘ಅಜ್ಜಂದಿರ ಕಾಲದಲ್ಲಿ ಯಾರೂ ಕುದುರೆಯ ಹಲ್ಲು ಉಜ್ಜಿಸಲಿಲ್ಲ’ ಎಂಬ ಮಾತು ಸುಳ್ಳಲ್ಲ. ಹಿಂಡಿನ ಹಿಂದೆ ನಡೆಯುತ್ತಾ ಮೇಯುವ ಕುರಿಗಾರರ ಕುದುರೆಗೆ ಮೊನಚು ಅಂಚಿನ ತೊಂದರೆ ಇಂದಿಗೂ ಕಡಿಮೆಯೇ ಇರಬಹುದು. ಆದರೆ ಹಲ್ಲು ಸೀಳುವುದು, ಹಲ್ಲುಗಳ ನಡುವಿನ ಸಂದಿಯಲ್ಲಿ ಮೇವು ಸಿಕ್ಕಿ ಕೊಳೆತು ವಸಡು ಹುಣ್ಣಾಗುವುದು, ಬೇರಿನಲ್ಲಿ ಕೀವು ಕಟ್ಟುವುದು, ಇವು ಮೇಯುವ ಕುದುರೆಯನ್ನೂ ಬಿಡುವುದಿಲ್ಲ. ವಯಸ್ಸಾದಂತೆ ಇವು ಹೆಚ್ಚುತ್ತವೆ. ಬ್ರಿಟನ್ನಿನಲ್ಲಿ 2005–06ರಲ್ಲಿ ಸತ್ತ 349 ಮುದಿ ಕತ್ತೆಗಳ ಬಾಯಿ ಪರೀಕ್ಷಿಸಿದಾಗ ಶೇ 93ರಲ್ಲಿ ಹಲ್ಲಿನ ದೋಷವಿತ್ತು. ಅವು ಇಳಿವಯಸ್ಸಿನವಾದ್ದರಿಂದ ಆ ಅಂಕಿಯನ್ನು ಎಳೆಯ ಕುದುರೆಗೆ ಹಚ್ಚಲಾಗದು. ಆದರೆ ಕತ್ತೆಯ ಹಲ್ಲಿನ ರಚನೆಯೂ ಕುದುರೆಯದರಂತೆಯೇ ಇರುವುದರಿಂದ, ಮುದಿ ಪ್ರಾಣಿ ಸೊರಗಿದರೆ ‘ವಯಸ್ಸಾಯಿತು’ ಎಂದು ಕೈಬಿಡುವ ಮೊದಲು ಬಾಯಿ ನೋಡಬೇಕೆಂಬುದನ್ನು ಅದು ಚೆನ್ನಾಗಿ ಕಲಿಸುತ್ತದೆ.

ಕುದುರೆ ಹೇಳುವ ರೀತಿ

‘ನೋವಿದ್ದರೆ ತಿನ್ನುತ್ತಲೇ ಇರಲಿಲ್ಲ’ ಎಂಬುದು ಎರಡನೆಯ ಆಕ್ಷೇಪ. ಕುದುರೆ ಬೇಟೆಗೆ ಸಿಗುವ ಪ್ರಾಣಿಯಾಗಿ ಬೆಳೆದುಬಂದದ್ದು, ನೋವು ತೋರಿಸಿಕೊಳ್ಳುವುದು ಅದರ ಸ್ವಭಾವವಲ್ಲ. ನೋಯುವ ಬದಿಯನ್ನು ಬಿಟ್ಟು ಇನ್ನೊಂದು ಬದಿಯಲ್ಲಿ ಅಗಿಯುತ್ತಾ ಅದು ತಿಂಗಳುಗಟ್ಟಲೆ ತಳ್ಳುತ್ತದೆ. ಆದರೆ ಗುರುತುಗಳು ಇದ್ದೇ ಇರುತ್ತವೆ. ಅರ್ಧ ಅಗಿದ ಮೇವು ಉಂಡೆಯಾಗಿ ಗ್ವಾದಲಿಯ ಬಳಿ ಬಿದ್ದಿರುವುದು ಎಲ್ಲಕ್ಕಿಂತ ಸ್ಪಷ್ಟ ಲಕ್ಷಣ. ಲದ್ದಿಯನ್ನು ಮುರಿದು ನೋಡಿದರೆ ಇಡಿ ಕಾಳು, ಉದ್ದುದ್ದ ಮೇವಿನ ಎಳೆ ಕಾಣುತ್ತವೆ. ತಿನ್ನುವಾಗ ತಲೆ ಒಂದು ಬದಿಗೆ ವಾಲುವುದು, ಜೊಲ್ಲು, ಬಾಯಿಯ ದುರ್ವಾಸನೆ, ತಣ್ಣೀರು ಕುಡಿಯಲು ಹಿಂಜರಿಯುವುದು, ಲಗಾಮು ಹಾಕಿದೊಡನೆ ತಲೆ ಕೊಡವುವುದು, ಕೆಳದವಡೆಯ ಮೇಲೆ ಗಡ್ಡೆಯಂಥ ಊತ, ಇವೆಲ್ಲ ಅದೇ ಸಾಲಿನವು. ಮೇಲ್ದವಡೆಯ ಹಿಂದಿನ ಹಲ್ಲುಗಳ ಬೇರುಗಳು ಮುಖದ ಮೂಳೆಯ ಟೊಳ್ಳುಗಳಿಗೆ ಹತ್ತಿಕೊಂಡಿರುವುದರಿಂದ, ಬೇರಿಗೆ ಕೀವಾದರೆ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಸುರಿಯುತ್ತದೆ. ಸರಿಯಾಗಿ ಅರೆಯದ ಮೇವು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಬರಗಾಲದ ಬೇಸಿಗೆಯಲ್ಲಿ ನೀರೂ ಕಡಿಮೆಯಾಗಿ ಒರಟು ಕಣಿಕೆಯೇ ಮೇವಾದಾಗ, ಹಲ್ಲು ಕೆಟ್ಟ ಕುದುರೆಗೆ ಕರುಳು ಕಟ್ಟಿ ಹೊಟ್ಟೆಶೂಲೆ ಬರುವ ಅಪಾಯ ಹೆಚ್ಚು. ಜತ್ತದಂಥ ಒಣ ತಾಲ್ಲೂಕಿನಲ್ಲಿ ಹಲ್ಲಿನ ತೊಂದರೆ ಜೀವಕ್ಕೇ ಎರವಾಗುವುದು ಹೀಗೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಜೊಲ್ಲು ಸುರಿಸುತ್ತಾ ನುಂಗಲಾರದ ಕುದುರೆಗೆ ಹುಚ್ಚುನಾಯಿ ರೋಗವೂ ಇರಬಹುದು. ನಡತೆ ಬದಲಾಗಿದ್ದರೆ, ನಾಯಿ ಕಚ್ಚಿದ ಅನುಮಾನವಿದ್ದರೆ ಯಾವ ಕಾರಣಕ್ಕೂ ಬಾಯಿಗೆ ಕೈ ಹಾಕಬಾರದು. ದವಡೆ ಬಿಗಿದುಕೊಂಡು ಬಾಯಿ ತೆರೆಯಲಾಗದಿದ್ದರೆ ಅದು ಧನುರ್ವಾಯು ಇರಬಹುದು. ಕುದುರೆಗೆ ಈ ರೋಗ ಬಹಳ ಬೇಗ ಹತ್ತುವುದರಿಂದ ಲಸಿಕೆಯನ್ನು ತಪ್ಪಿಸಬಾರದು. ಮೂಗಿನ ಸಿಂಬಳ, ಅದರಲ್ಲೂ ಜ್ವರ ಮತ್ತು ಚರ್ಮದ ಗಂಟುಗಳ ಜೊತೆ ಬಂದರೆ, ಗ್ಲ್ಯಾಂಡರ್ಸ್ ಅನುಮಾನ ಪಡಬೇಕು. ಮನುಷ್ಯರಿಗೂ ಹರಡುವ ಈ ರೋಗ 2006ರಲ್ಲಿ ಮಹಾರಾಷ್ಟ್ರದಲ್ಲಿ ಮರುಕಳಿಸಿತ್ತು. ಕಾನೂನಿನ ಪ್ರಕಾರ ಇದನ್ನು ವರದಿ ಮಾಡಲೇಬೇಕು. ರಕ್ತಪರೀಕ್ಷೆಗೆ ಹರಿಯಾಣದ ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ಯಾವುದು ಹಲ್ಲಿನ ನೋವು, ಯಾವುದು ಅಲ್ಲ ಎಂದು ತೀರ್ಮಾನಿಸುವ ಕೆಲಸ ವೈದ್ಯರದೇ ಆಗಬೇಕು ಎನ್ನಲು ಇಷ್ಟು ಕಾರಣ ಸಾಕು.

ಚಿಕಿತ್ಸೆ: ಎಷ್ಟು, ಯಾರಿಂದ?

ಸರಿಯಾದ ಪರೀಕ್ಷೆಗೆ ಕುದುರೆಗೆ ಮಂಪರು ಬರಿಸುವ ಚುಚ್ಚುಮದ್ದು ಕೊಟ್ಟು, ಬಾಯಿ ತೆರೆದಿಡುವ ಕಬ್ಬಿಣದ ಚೌಕಟ್ಟು ಹಾಕಿ, ಬೆಳಕು ಬಿಟ್ಟು, ಕನ್ನಡಿಯಿಂದ ಒಂದೊಂದೇ ಹಲ್ಲು ನೋಡುತ್ತಾರೆ. ಆಮೇಲೆ ಚೂಪಾದ ಅಂಚುಗಳನ್ನಷ್ಟೇ ಅರದಿಂದ ಉಜ್ಜಿ ಮೊಂಡು ಮಾಡುತ್ತಾರೆ. ಹಲ್ಲಿನ ಆ ಭಾಗಕ್ಕೆ ನರವಿಲ್ಲದ್ದರಿಂದ ಹದವಾಗಿ ಉಜ್ಜಿದರೆ ನೋವಾಗದು. ಹಲ್ಲು ನುಣ್ಣಗಾದಷ್ಟೂ ಒಳ್ಳೆಯದೆಂಬ ಎಣಿಕೆ ಮಾತ್ರ ತಪ್ಪು. ಬೀಸುಕಲ್ಲಿಗೆ ಒರಟುತನ ಬೇಕಾದಂತೆ ಅರೆಯುವ ಹಲ್ಲಿನ ಮೇಲ್ಮೈಗೂ ಬೇಕು. ಅತಿಯಾಗಿ ಉಜ್ಜಿದರೆ ಮೇವು ಅರೆಯಲಾಗದು, ಯಂತ್ರದ ಅರವನ್ನು ಒಂದೇ ಕಡೆ ಹಿಡಿದರೆ ಬಿಸಿಯಿಂದ ಹಲ್ಲಿನ ಜೀವವೇ ಸಾಯಬಹುದು. ಕೈಚಳಕವಿದ್ದವರು ಯಾರಾದರೂ ಮಾಡಬಹುದಾದ ಕೆಲಸ ಇದಲ್ಲ.

‘ಮಂಪರು ಕೊಟ್ಟರೆ ಕುದುರೆಗೆ ಅಪಾಯ’ ಎಂದು ಹಿಂಜರಿಯುವವರಿದ್ದಾರೆ. ಹೃದಯದ ತೊಂದರೆ, ಗರ್ಭ, ತೀರಾ ನಿಶ್ಶಕ್ತಿ ಇದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು ನಿಜ. ಆದರೆ ಎಚ್ಚರವಿರುವ ಕುದುರೆಯನ್ನು ತುಟಿಗೆ ಹಗ್ಗ ಬಿಗಿದು, ನಾಲ್ಕು ಜನ ಹಿಡಿದು ಬಾಯಿ ಬಿಡಿಸುವುದರಲ್ಲಿ ಕುದುರೆಗೂ ಜನರಿಗೂ ಇರುವ ಅಪಾಯ ಅದಕ್ಕಿಂತ ದೊಡ್ಡದು. ಮಂಪರು ಪೂರ್ತಿ ಇಳಿಯುವವರೆಗೆ ಮೇವು ಹಾಕದಿರುವುದು ಸಾಕುವವರ ಹೊಣೆ. ಇಲ್ಲವಾದರೆ ಗಂಟಲು ಕಟ್ಟುತ್ತದೆ.

‘ನೋವಿನ ಮಾತ್ರೆ ಕೊಟ್ಟರೆ ಸಾಲದೇ?’ ಎಂಬುದು ಇನ್ನೊಂದು ಪ್ರಶ್ನೆ. ನೋವು ನಿವಾರಕ ಬೇಕು, ಆದರೆ ಅದು ಕಾರಣವನ್ನು ತೆಗೆಯುವುದಿಲ್ಲ. ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಹೊಟ್ಟೆ ಹುಣ್ಣಾಗಿ ಮೂತ್ರಪಿಂಡ ಕೆಡುತ್ತದೆ. ಜಾನುವಾರುಗಳಿಗೆ ಡೈಕ್ಲೊಫೆನಾಕ್ ಬಳಕೆ 2006ರಲ್ಲೇ ನಿಷೇಧವಾಗಿದೆ. ಆ ಔಷಧ ಪಡೆದು ಸತ್ತ ಪ್ರಾಣಿಯನ್ನು ತಿಂದ ರಣಹದ್ದುಗಳು ಸಾಯುತ್ತವೆ. ಮನುಷ್ಯರ ಅಂಗಡಿಯಿಂದ ತಂದು ಅದನ್ನು ಹಾಕಬೇಡಿ. ಬೇರಿನ ಕೀವಿಗೆ ಬರೀ ಪ್ರತಿಜೈವಿಕ ಕೊಟ್ಟರೆ ಕೆಲದಿನ ಇಳಿದು ಮತ್ತೆ ಬರುವುದೇ ಹೆಚ್ಚು. ಅಂಥ ಹಲ್ಲನ್ನು ಹಲವೊಮ್ಮೆ ಕೀಳಬೇಕಾಗುತ್ತದೆ. ಕಿತ್ತ ಮೇಲೆ ಎದುರಿನ ಹಲ್ಲಿಗೆ ಸವೆತವಿಲ್ಲದೆ ಅದು ಖಾಲಿ ಜಾಗಕ್ಕೆ ಬೆಳೆಯುವುದರಿಂದ ಆರು ತಿಂಗಳಿಗೊಮ್ಮೆ ಉಜ್ಜಿಸುತ್ತಿರಬೇಕು. ಇಂಥ ಪ್ರಕರಣಗಳಿಗೆ ಸಾತಾರಾ ಜಿಲ್ಲೆಯ ಶಿರವಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಯ ಸಲಹೆ ಪಡೆಯುವುದು ಲೇಸು. ಎಳೆಯ ಕುದುರೆಗೆ ಹೊಸ ಬಾಚಿಹಲ್ಲು ಬರುವಾಗ ಅಂಗುಳು ಉಬ್ಬಿದರೆ ಕೆಲವರು ಬರೆ ಹಾಕಿಸುವುದು, ಕೊಯ್ಸುವುದು ಉಂಟು. ಆ ಊತ ಸಹಜವಾದದ್ದು, ತಾನೇ ಇಳಿಯುತ್ತದೆ. ಬರೆ ಹೊಸ ನೋವನ್ನಷ್ಟೇ ಕೊಡುತ್ತದೆ. ಮುಳ್ಳಿನ ಕಡಿವಾಣವನ್ನಂತೂ 1965ರ ಕೇಂದ್ರ ನಿಯಮಗಳೇ ನಿಷೇಧಿಸಿವೆ.

ನೋಯುವ ಬಾಯಿಗೆ ಎಂಥ ಮೇವು?

ಚಿಕಿತ್ಸೆಯ ಮೊದಲೂ ನಂತರವೂ ಮೇವು ಬದಲಿಸದಿದ್ದರೆ ಕುದುರೆ ಚೇತರಿಸಿಕೊಳ್ಳದು. ಹಿಂಗಾರಿ ಜೋಳದ ದಪ್ಪ ಕಣಿಕೆಯನ್ನು ಇಡಿಯಾಗಿ ಹಾಕುವ ಬದಲು ಸಣ್ಣಗೆ ಕತ್ತರಿಸಿ ನೀರಿನಲ್ಲಿ ನೆನೆಸಿ ಕೊಡಬೇಕು. ಎಳೆಯ ಹಸಿಹುಲ್ಲು ಸಿಕ್ಕರೆ ಒಳ್ಳೆಯದು, ಆದರೆ ಎಳೆ ಜೋಳದ ಪೈರಿನಲ್ಲಿ ವಿಷವಿರುವುದರಿಂದ ಅದನ್ನು ಹಾಕಬಾರದು. ಹುರುಳಿ, ಕಡಲೆಯನ್ನು ಬೇಯಿಸಿ ಅರೆದು ಗಂಜಿಯ ಹದಕ್ಕೆ ತಂದು, ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪವೇ ಕೊಡುವುದು ವಾಸಿ. ಮೆತ್ತಗಿದೆಯೆಂದು ಗೋಧಿ ಬೂಸಾವನ್ನೇ ತಿಂಗಳುಗಟ್ಟಲೆ ಹಾಕುವುದು ಸಾಮಾನ್ಯ ತಪ್ಪು. ಬೂಸಾದಲ್ಲಿ ರಂಜಕ ಬಹಳ, ಸುಣ್ಣದ ಅಂಶ ತೀರಾ ಕಡಿಮೆ. ಈ ಏರುಪೇರಿನಿಂದ ಮುಖದ ಮೂಳೆ ಮೆತ್ತಗಾಗಿ ಊದಿ, ಹಲ್ಲುಗಳೇ ಸಡಿಲಗೊಂಡು ಅಗಿಯುವಾಗ ನೋವು ಇನ್ನೂ ಹೆಚ್ಚುತ್ತದೆ. ಬೂಸಾ ಮಿತವಾಗಿರಲಿ, ಜೊತೆಗೆ ಸುಣ್ಣದ ಅಂಶ ಹೆಚ್ಚಿರುವ ಕುದುರೆ ಮಸಾಲೆ ಸೊಪ್ಪನ್ನು ಕತ್ತರಿಸಿ ಕೊಡಿ. ಖನಿಜ ಮಿಶ್ರಣವನ್ನು ವೈದ್ಯರ ಸಲಹೆಯಂತೆ ಸೇರಿಸಿ. ಶುದ್ಧ ನೀರು ಸದಾ ಎದುರಿಗಿರಲಿ. ಹುಣ್ಣು ಮಾಯುವವರೆಗೆ ಕಡಿವಾಣ ಹಾಕಬೇಡಿ, ಶರ್ಯತ್ತಿಗೂ ಓಡಿಸಬೇಡಿ.

ಕೊನೆಯ ಆಕ್ಷೇಪ ಖರ್ಚಿನದು, ದೂರದ್ದು. ಕುದುರೆಯ ಹಲ್ಲು ನೋಡುವ ಸಲಕರಣೆ ಎಲ್ಲ ದವಾಖಾನೆಗಳಲ್ಲಿ ಸಿಗದೆಂಬುದು ನಿಜವಾದ ಅಡಚಣೆ. ಆದರೆ ಹಲ್ಲು ಕೆಟ್ಟ ಕುದುರೆ ಹಾಕಿದ ಕಾಳನ್ನು ಲದ್ದಿಯಲ್ಲಿ ಇಡಿಯಾಗಿ ಕಳೆಯುತ್ತಿದ್ದರೆ ಆ ಖರ್ಚನ್ನು ನಾವು ದಿನವೂ ಮಾಡುತ್ತಲೇ ಇದ್ದೇವೆ. ಒಬ್ಬರಿಗಾಗಿ ತಜ್ಞರನ್ನು ಕರೆಸುವುದು ದುಬಾರಿಯಾದರೆ ಹತ್ತು ಕುದುರೆಗಳಿಗೆ ಒಮ್ಮೆ ಕರೆಸುವುದು ಹಗುರ. ಮಾರ್ಗಶಿರದ ಜತ್ತ ಯಲ್ಲಮ್ಮನ ಜಾತ್ರೆಯಲ್ಲಿ ಜಾನುವಾರುಗಳು ಹೇಗೂ ಸೇರುತ್ತವೆ. ಅಲ್ಲೊಂದು ಕುದುರೆ ಹಲ್ಲಿನ ತಪಾಸಣಾ ಶಿಬಿರ ನಡೆಸುವಂತೆ ಪಂಚಾಯಿತಿಗಳ ಮೂಲಕ ಪಶುಸಂಗೋಪನಾ ಇಲಾಖೆಯನ್ನು ಕೇಳುವ ಹಕ್ಕು ನಮಗಿದೆ. ಕುರಿಗಾರರು ಹಿಂಡಿನೊಂದಿಗೆ ಹೊರಡುವ ಮುನ್ನವೇ ಕುದುರೆಯ ಬಾಯಿ ತೋರಿಸಿಕೊಂಡರೆ ದಾರಿಯಲ್ಲಿ ಅದು ಸೊರಗುವುದು ತಪ್ಪುತ್ತದೆ. ಎರಡರಿಂದ ಐದು ವರ್ಷದ, ಹಲ್ಲು ಬದಲಾಗುವ ಕುದುರೆಗೂ ಹದಿನೈದು ದಾಟಿದ್ದಕ್ಕೂ ಆರು ತಿಂಗಳಿಗೊಮ್ಮೆ, ಉಳಿದವಕ್ಕೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ. ತುರ್ತು ಬಂದರೆ 1962 ಸಂಖ್ಯೆಗೆ ಕರೆ ಮಾಡಿ. ನಡುವೆ ಪ್ರತಿ ವಾರ ಲದ್ದಿ ಮುರಿದು ನೋಡಿ, ಗ್ವಾದಲಿಯ ಬುಡ ನೋಡಿ, ಬಾಯಿಯ ವಾಸನೆ ಗಮನಿಸಿ. ಇಷ್ಟಕ್ಕೆ ಹಣ ಬೇಕಿಲ್ಲ. ನಮಗಾಗಿ ಹೊರೆ ಹೊರುವ ಪ್ರಾಣಿ ನೋವಿಲ್ಲದೆ ಮೇವು ಅಗಿಯುವಂತೆ ನೋಡಿಕೊಳ್ಳುವುದು ಸಾಕುವವರ ಮೊದಲ ಕರ್ತವ್ಯ.