ಮೋಟರ್‌ವೇ ಫಲಕಕ್ಕೆ ಸುದ್ದಿ ಕೊಡುವವರು ಯಾರು?

ಇಂಗ್ಲೆಂಡಿನಲ್ಲಿ ಹೊಸದಾಗಿ ಕಾರು ಓಡಿಸಲು ಹೊರಟಿದ್ದೀರಾ? ಹಾಗಾದರೆ ಅಲ್ಲಿನ ಮೋಟರ್‌ವೇಗಳ ಮಿನುಗುವ ಫಲಕಗಳು ಮೊದಮೊದಲು ನಿಮ್ಮನ್ನು ಗಲಿಬಿಲಿಗೊಳಿಸಬಹುದು. ಗಾಬರಿ ಬೇಡ. ಅವು ಆಡುವ ಮಾತು ಬಹಳ ಕಡಿಮೆ. ಒಂದೊಂದಾಗಿ ತಿಳಿಯುತ್ತ ಹೋಗೋಣ.

ಮೋಟರ್‌ವೇ ಎಂದರೆ ಸಿಗ್ನಲ್ ದೀಪಗಳಾಗಲಿ, ಪಾದಚಾರಿಗಳಾಗಲಿ ಇಲ್ಲದ ವೇಗದ ಹೆದ್ದಾರಿ. ಕಾರುಗಳಿಗೆ ಅಲ್ಲಿ ಗಂಟೆಗೆ 70 ಮೈಲಿ, ಅಂದರೆ ಸುಮಾರು 112 ಕಿಲೋಮೀಟರ್, ಗರಿಷ್ಠ ವೇಗ. ಆ ವೇಗದಲ್ಲಿ ನೀವು ಸೆಕೆಂಡಿಗೆ 31 ಮೀಟರ್ ಸಾಗುತ್ತೀರಿ. ಪೂರ್ತಿ ನಿಲ್ಲಲು 96 ಮೀಟರ್ ಬೇಕೆಂದು ಅಲ್ಲಿನ ಸಂಚಾರ ನಿಯಮಗಳ ಕೈಪಿಡಿಯಾದ ‘ಹೈವೇ ಕೋಡ್’ ಹೇಳುತ್ತದೆ. ತಿರುವಿನಾಚೆ ನಿಂತ ವಾಹನಗಳ ಸಾಲು ಕಣ್ಣಿಗೆ ಬಿದ್ದ ಮೇಲೆ ಬ್ರೇಕ್ ಒತ್ತಿದರೆ ತಡವಾಗಬಹುದು. ಅದಕ್ಕೇ ನಿಮ್ಮ ಕಣ್ಣಿಗಿಂತ ಮೊದಲು ಎಚ್ಚರಿಸುವ ಫಲಕ ಬೇಕು.

ಫಲಕದಲ್ಲಿ ಮೂರು ಗುರುತುಗಳನ್ನು ಮೊದಲು ಕಲಿಯಿರಿ. ಕೆಂಪು ಉಂಗುರದೊಳಗೆ 50 ಎಂದಿದ್ದರೆ ಅದು ಕಾನೂನು, ಮೀರಿದರೆ ದಂಡ. ಉಂಗುರವಿಲ್ಲದೆ, ಅಂಕಿಯ ಜೊತೆಗೆ ಹಳದಿ ದೀಪಗಳು ಮಿನುಗುತ್ತಿದ್ದರೆ ಅದು ಸಲಹೆ. ಕೆಂಪು ಗುಣಾಕಾರ ಚಿಹ್ನೆ ಕಂಡರೆ ಆ ಲೇನ್ ಮುಚ್ಚಿದೆ ಎಂದರ್ಥ. ಅದರಲ್ಲೇ ಮುಂದುವರಿದರೆ 100 ಪೌಂಡ್ ದಂಡ, ಲೈಸೆನ್ಸಿಗೆ 3 ಪೆನಾಲ್ಟಿ ಪಾಯಿಂಟು ಬೀಳಬಹುದು. 2019ರಿಂದ ಕ್ಯಾಮೆರಾಗಳೂ ಇದನ್ನು ಹಿಡಿಯುತ್ತಿವೆ.

ಈಗ ಮುಖ್ಯವಾದ ಮಾತಿಗೆ ಬರೋಣ. ಫಲಕಕ್ಕೆ ಕಣ್ಣಿಲ್ಲ, ಯಾರೋ ತಿಳಿಸಿದ್ದನ್ನು ಅದು ತೋರಿಸುತ್ತದೆ. ತಿಳಿಸಿದವರು ಯಾರು, ಯಾವಾಗ ತಿಳಿಸಿದರು ಎಂಬುದರ ಮೇಲೆ ಅದರ ನಿಖರತೆ ನಿಂತಿದೆ.

ಹೀಗೆ ಸುದ್ದಿ ಕೊಡುವ ಮೂಲಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು, ರಸ್ತೆಯೊಳಗೆ ಹುದುಗಿರುವ ತಂತಿಸುರುಳಿ. ಡಾಂಬರಿನಲ್ಲಿ ಸಣ್ಣ ಸೀಳು ಕೊರೆದು ತಂತಿ ಹೂತು, ಮೇಲೆ ಮುಚ್ಚಿರುತ್ತಾರೆ. ಅದರಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತಿರುತ್ತದೆ. ಲೋಹದ ವಾಹನ ಮೇಲೆ ಹಾದಾಗ ಕಾಂತಕ್ಷೇತ್ರ ಬದಲಾಗಿ, ವಾಹನ ಬಂದದ್ದು ಗೊತ್ತಾಗುತ್ತದೆ. ಒಂದರ ಮುಂದೆ ಒಂದು ಸುರುಳಿಯಿದ್ದರೆ, ಎರಡನ್ನೂ ದಾಟಲು ಹಿಡಿದ ಸಮಯದಿಂದ ವೇಗವೂ ಸಿಗುತ್ತದೆ. ಸಾಮಾನ್ಯವಾಗಿ 500 ಮೀಟರಿಗೊಂದರಂತೆ ಇಂಥ ಜೋಡಣೆಗಳಿರುತ್ತವೆ. ವಾಹನಗಳು ನಿಧಾನವಾದದ್ದು ತಿಳಿದೊಡನೆ ‘ಮೈಡಾಸ್’ ಎಂಬ ವ್ಯವಸ್ಥೆ ಹಿಂದಿನ ಫಲಕಗಳಲ್ಲಿ ತಾನಾಗಿಯೇ 60, 50, 40 ಎಂದು ವೇಗಮಿತಿ ಇಳಿಸುತ್ತದೆ. ಲಂಡನ್ ಸುತ್ತುವ ಎಂ25 ರಸ್ತೆಯಲ್ಲಿ ಹೀಗೆ ಬದಲಾಗುವ ವೇಗಮಿತಿ 1995ರಲ್ಲೇ ಆರಂಭವಾಯಿತು.

ಎರಡನೆಯದು ರೇಡಾರ್. ಕೆಟ್ಟ ವಾಹನ ನಿಲ್ಲಿಸಲು ರಸ್ತೆಯ ಅಂಚಿನಲ್ಲಿ ಬಿಡುವ ಪಟ್ಟಿಗೆ ಹಾರ್ಡ್ ಶೋಲ್ಡರ್ ಎನ್ನುತ್ತಾರೆ. ಕೆಲವು ಮೋಟರ್‌ವೇಗಳಲ್ಲಿ ಅದನ್ನೂ ಲೇನ್ ಮಾಡಿದ್ದಾರೆ. ಅಲ್ಲಿ ಕೆಟ್ಟು ನಿಂತ ವಾಹನವನ್ನು ರೇಡಾರ್ ಹುಡುಕಬೇಕು. ಇಂಥ ನೂರು ವಾಹನಗಳಲ್ಲಿ 80ನ್ನಾದರೂ ಅದು ಪತ್ತೆ ಹಚ್ಚಬೇಕೆಂಬುದು ಗುರಿ. 2022ರ ಡಿಸೆಂಬರಿನಲ್ಲಿ ರಸ್ತೆ ನಿಯಂತ್ರಣ ಸಂಸ್ಥೆ ಪ್ರಕಟಿಸಿದ ವರದಿಯ ಪ್ರಕಾರ ವ್ಯವಸ್ಥೆ ಆಗ ತನ್ನ ಗುರಿಗಳನ್ನು ಮುಟ್ಟಿರಲಿಲ್ಲ. ಆದ್ದರಿಂದ ಫಲಕ ಸುಮ್ಮನಿದೆಯೆಂದ ಮಾತ್ರಕ್ಕೆ ಮುಂದೆ ಅಪಾಯವಿಲ್ಲ ಎಂದುಕೊಳ್ಳಬೇಡಿ.

ಮೂರನೆಯದು ಮನುಷ್ಯ. ಲೇನಿನಲ್ಲಿ ಏಣಿ ಬಿದ್ದಿದೆ ಎಂದು ಯಾರೋ ಫೋನ್ ಮಾಡುತ್ತಾರೆ. ನಿಯಂತ್ರಣ ಕೊಠಡಿಯ ಸಿಬ್ಬಂದಿ ಎಚ್ಚರಿಕೆ ಹಾಕುತ್ತಾರೆ. ಏಣಿ ಹೋಗಿದೆ ಎಂದು ಖಚಿತವಾಗದೆ ಆ ಎಚ್ಚರಿಕೆಯನ್ನು ತೆಗೆಯುವಂತಿಲ್ಲ. ಖಾಲಿ ರಸ್ತೆಯ ಮೇಲೆ ಹಳೆಯ ಎಚ್ಚರಿಕೆ ಉಳಿದುಬಿಡುವುದು ಹೆಚ್ಚಾಗಿ ಹೀಗೆ.

ಆದರೆ ಫಲಕದಲ್ಲಿ 40 ಕಂಡು, ಮುಂದೆ ಏನೂ ಸಿಗದಿದ್ದರೆ ಅದು ಸುಳ್ಳೇ ಹೇಳಿತು ಎನ್ನಲಾಗದು. ಹಿಂದಿನವರೆಲ್ಲ ನಿಧಾನಿಸಿದಾಗ ಮುಂದಿನ ಸಾಲು ಕರಗಲು ಸಮಯ ಸಿಗುತ್ತದೆ. ನೀವು ತಲುಪುವಷ್ಟರಲ್ಲಿ ಅಲ್ಲಿ ಏನೂ ಉಳಿದಿರುವುದಿಲ್ಲ. ಫಲಕ ಕೆಲಸ ಮಾಡಿದ್ದಕ್ಕೇ ಅದು ಸುಳ್ಳಾದಂತೆ ಕಾಣುತ್ತದೆ.

ಹಾಗೆಂದು ಫಲಕದ ಮೇಲೆ ಬರೆದದ್ದೆಲ್ಲ ಉಪಯುಕ್ತವೂ ಅಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ ತಿಂಗಳಿಗೊಂದು ವಾರ ಫಲಕಗಳಲ್ಲಿ ಆ ವರ್ಷದ ರಸ್ತೆ ಸಾವುಗಳ ಸಂಖ್ಯೆ ತೋರಿಸುತ್ತಿದ್ದರು. ಆ ವಾರಗಳಲ್ಲಿ ಫಲಕದ ಮುಂದಿನ 10 ಕಿಲೋಮೀಟರಿನಲ್ಲಿ ಅಪಘಾತಗಳು ಶೇಕಡಾ 4.5ರಷ್ಟು ಹೆಚ್ಚಿದವು ಎಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯ ಅಧ್ಯಯನವೊಂದು ತಿಳಿಸಿತು. ಆ ಸಂಖ್ಯೆ ಮನಸ್ಸನ್ನು ಕಲಕಿ ಗಮನವನ್ನು ರಸ್ತೆಯಿಂದ ಸೆಳೆಯುತ್ತದೆಂಬುದು ಸಂಶೋಧಕರ ವಿವರಣೆ. ಈಗ ಏನು ಮಾಡಬೇಕೆಂದು ಹೇಳುವ ಫಲಕವೇ ಒಳ್ಳೆಯ ಫಲಕ.

ಕೊನೆಗೊಂದು ಸಣ್ಣ ಲೆಕ್ಕ. ಒಂದು ಮೈಲಿಯನ್ನು 70ರ ಬದಲು 40ರ ವೇಗದಲ್ಲಿ ಹೋದರೆ ನಿಮಗೆ ತಡವಾಗುವುದು ಸುಮಾರು 39 ಸೆಕೆಂಡು. ಸುಳ್ಳು ಎಚ್ಚರಿಕೆಯನ್ನು ನಂಬಿದ್ದಕ್ಕೆ ನೀವು ತೆರುವ ಬೆಲೆ ಮೈಲಿಗೆ ಅಷ್ಟೇ. ನಿಜವಾದ ಎಚ್ಚರಿಕೆಯನ್ನು ನಂಬದಿದ್ದರೆ ತೆರಬೇಕಾದದ್ದು ಎಷ್ಟೆಂದು ಆ 96 ಮೀಟರಿನ ಲೆಕ್ಕವನ್ನು ನೆನೆದು ನೀವೇ ತೂಗಿ ನೋಡಿ.