ವ್ಯಾನಿನಲ್ಲಿ ಮಲಗುವ ಮುನ್ನ

ನ್ಯೂಜಿಲೆಂಡಿನಲ್ಲಿ ಬಾಡಿಗೆ ವ್ಯಾನು ಹಿಡಿದು, ಅಪ್ಪ-ಅಮ್ಮನ ಜತೆ ಕಡಲತೀರದ ಸಾರ್ವಜನಿಕ ಜಾಗದಲ್ಲಿ ರಾತ್ರಿ ತಂಗಬಹುದೇ ಎಂಬುದು ಓದುಗರೊಬ್ಬರ ಪ್ರಶ್ನೆ.

ತಂಗಬಹುದು. ಆದರೆ ಮೊದಲು ವ್ಯಾನಿನ ಶೌಚಾಲಯ ನೋಡಬೇಕು.

ಹೀಗೆ ತಂಗುವುದಕ್ಕೆ ಅಲ್ಲಿ 2011ರಿಂದಲೇ ಒಂದು ಕಾಯ್ದೆಯಿದೆ; 2023ರಲ್ಲಿ ಅದು ಬಿಗಿಯಾಯಿತು. ನಗರಸಭೆಯಂಥ ಸ್ಥಳೀಯ ಆಡಳಿತಗಳ ಜಾಗದಲ್ಲಿ, ವಿನಾಯಿತಿ ಕೊಟ್ಟ ಕಡೆ ಬಿಟ್ಟರೆ, ವಾಹನಕ್ಕೆ ‘ಸ್ವಯಂಪೂರ್ಣ’ ಎಂಬ ಪ್ರಮಾಣಪತ್ರ ಬೇಕು. ಎತ್ತಿ ಇಳಿಸುವ ಶೌಚಪೆಟ್ಟಿಗೆ ಸಾಲದು. ಶೌಚಾಲಯ ವಾಹನಕ್ಕೇ ಕೂಡಿಸಿದ್ದಾಗಿರಬೇಕು, ಹಾಸಿಗೆ ಬಿಡಿಸಿದ ಮೇಲೂ ಬಳಸುವಂತಿರಬೇಕು. ಮಂಡಿನೋವಿನ ಅಮ್ಮ ನಡುರಾತ್ರಿ ಏಳುವಾಗ ಈ ನಿಯಮದ ಬೆಲೆ ತಿಳಿಯುತ್ತದೆ. ನೀರು, ಕೊಳಚೆ ಎರಡಕ್ಕೂ ಮೂರು ದಿನಕ್ಕಾಗುವಷ್ಟು ಜಾಗವಿರಬೇಕು. ಆ ಪ್ರಮಾಣಪತ್ರದ ಹಸಿರು ಚೀಟಿ ಎಷ್ಟು ಜನಕ್ಕೆಂದು ಬಾಡಿಗೆಗೆ ಪಡೆಯುವಾಗಲೇ ಓದಿಕೊಳ್ಳಲಿ. ಇಬ್ಬರ ವ್ಯಾನಿನಲ್ಲಿ ಮೂವರು ಮಲಗುವುದು ಬೇಡ.

ಚೀಟಿ ಇದ್ದರೂ ಎಲ್ಲೆಂದರಲ್ಲಿ ನಿಲ್ಲುವಂತಿಲ್ಲ. ಕೆಲವು ತೀರಗಳಲ್ಲಿ ರಾತ್ರಿ ತಂಗುವುದನ್ನು ಸ್ಥಳೀಯ ಆಡಳಿತ ಪೂರ್ತಿ ನಿಷೇಧಿಸಿರುತ್ತದೆ. ಕತ್ತಲಾಗುವ ಮೊದಲೇ ಅಲ್ಲಿನ ಫಲಕ ಓದಿ, ಬೇರೆ ಜಾಗ ಹುಡುಕಲು ಒಂದು ತಾಸು ಇಟ್ಟುಕೊಳ್ಳುವುದು ಒಳ್ಳೆಯದು.