ಮಾಜಿವಾಡಾದಿಂದ ಅಂಬರನಾಥಕ್ಕೆ: ಒಂದು ದಿನದ ಇತಿಹಾಸ ಪಾಠ

ಮಾಜಿವಾಡಾ ಎಂದೊಡನೆ ಠಾಣೆಯ ನಿವಾಸಿಗಳಿಗೆ ನೆನಪಾಗುವುದು ಮುಂಬಯಿ–ನಾಸಿಕ ಹೆದ್ದಾರಿಯನ್ನು ಘೋಡ್‌ಬಂದರ್ ರಸ್ತೆ ಕೂಡುವ ಸ್ಥಳ ಮತ್ತು ಅಲ್ಲಿನ ವಾಹನಗಳ ದಟ್ಟಣೆ. ಉದ್ಯೋಗವನ್ನರಸಿ ಬಂದು ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ಪರಸ್ಥಳವೆಂದೇ ತೋರಬಹುದು. ಆದರೆ ಸಾವಿರ ವರ್ಷಗಳ ಹಿಂದೆ ‘ಶ್ರೀಸ್ಥಾನಕ’ವೆಂಬ ಹೆಸರಿದ್ದ ಈ ನಗರಕ್ಕೂ ಕನ್ನಡ ನಾಡಿಗೂ ನಿಕಟ ಸಂಬಂಧವಿದ್ದಿತು. ಒಂದು ರಜಾದಿನವನ್ನು ಮೀಸಲಿಟ್ಟರೆ ಇದನ್ನು ಕಣ್ಣಾರೆ ಕಂಡು ತಿಳಿಯಬಹುದು.

ಪ್ರತಿಯೊಂದು ಸ್ಥಳದಲ್ಲೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದನ್ನು ಕಟ್ಟಿದವರು ಯಾರು? ಅನಂತರ ಬಳಸಿದವರು ಯಾರು? ಇಂದು ಕಾಪಾಡುವವರು ಯಾರು?

ಕೋಟೆ

ಬೆಳಿಗ್ಗೆ ಮೊದಲು ನೋಡತಕ್ಕದ್ದು ಠಾಣೆಯ ಕೋಟೆ. ಪೋರ್ಚುಗೀಸರು 1730ರ ಸುಮಾರಿಗೆ ಇದರ ನಿರ್ಮಾಣವನ್ನು ಆರಂಭಿಸಿದರು. 1737ರಲ್ಲಿ ಮರಾಠರೂ 1774ರ ಡಿಸೆಂಬರ್‌ನಲ್ಲಿ ಇಂಗ್ಲಿಷರೂ ಇದನ್ನು ವಶಪಡಿಸಿಕೊಂಡರು. ಮುಂದೆ ಇದು ಸೆರೆಮನೆಯಾಯಿತು. ಕ್ರಾಂತಿಕಾರಿಗಳಾದ ಅನಂತ ಕಾನ್ಹೇರೆ, ಕೃಷ್ಣಾಜಿ ಕರ್ವೆ ಮತ್ತು ವಿನಾಯಕ ದೇಶಪಾಂಡೆಯವರನ್ನು 1910ರ ಏಪ್ರಿಲ್ 19ರಂದು ಇಲ್ಲಿಯೇ ಗಲ್ಲಿಗೇರಿಸಲಾಯಿತು. ಇಂದಿಗೂ ಇದು ಕಾರಾಗೃಹವಾದುದರಿಂದ ಹೊರಗಿನಿಂದಲೇ ಗೋಡೆಗಳನ್ನು ನೋಡಿ ನಮಿಸಬೇಕು.

1787ರಲ್ಲಿ ಈ ಕೋಟೆಯಲ್ಲಿ ಬುನಾದಿ ಅಗೆಯುವಾಗ ತಾಮ್ರಪಟಗಳು ದೊರೆತವು. ಅವು ಶಿಲಾಹಾರ ದೊರೆ ಅರಿಕೇಸರಿಯ 1017ನೆಯ ಇಸವಿಯ ದಾನಶಾಸನಗಳು. ಉತ್ತರ ಕೊಂಕಣದ ಶಿಲಾಹಾರರು ಮೊದಲು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದರು. ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಠಾಣೆಗೆ ಪಶ್ಚಿಮದ ಕಾಡಿನಲ್ಲಿರುವ ಕಾನ್ಹೇರಿ ಗುಹೆಗಳ 877ರ ಶಾಸನವು ಅಮೋಘವರ್ಷನನ್ನೂ ಅವನ ಸಾಮಂತ ಕಪರ್ದಿಯನ್ನೂ ಒಟ್ಟಿಗೆ ಹೆಸರಿಸುತ್ತದೆ. ‘ಕವಿರಾಜಮಾರ್ಗ’ವು ರಚಿತವಾದದ್ದು ಈ ಅಮೋಘವರ್ಷನ ಆಸ್ಥಾನದಲ್ಲಿಯೇ.

ಕೆರೆ ಮತ್ತು ದೇಗುಲ

ಎರಡನೆಯ ಸ್ಥಳ ಮಾಸುಂದಾ ಕೆರೆ ಹಾಗೂ ಅದರ ಸಮೀಪದ ಕೋಪಿನೇಶ್ವರ ದೇವಾಲಯ. ಈಗಿನ ದೇಗುಲವನ್ನು 1760ರ ಸುಮಾರಿಗೆ ಮರಾಠರ ಸರಸುಭೇದಾರ ರಾಮಾಜಿ ಮಹಾದೇವ ಬಿವಲಕರ್ ಕಟ್ಟಿಸಿದರು. 1879ರಲ್ಲಿ ಊರವರು ವಂತಿಗೆ ಕೂಡಿಸಿ ಜೀರ್ಣೋದ್ಧಾರ ಮಾಡಿದರು. ಕಟ್ಟಿದವನು ಅಧಿಕಾರಿ, ಉಳಿಸಿದವರು ಜನರು ಎಂಬುದನ್ನು ಇಲ್ಲಿ ಗಮನಿಸಬೇಕು.

ರೈಲು ನಿಲ್ದಾಣ

1853ರ ಏಪ್ರಿಲ್ 16ರಂದು ಭಾರತದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ 34 ಕಿಲೋಮೀಟರ್ ಕ್ರಮಿಸಿ ಠಾಣೆಯನ್ನು ತಲಪಿತು. 14 ಬಂಡಿಗಳಲ್ಲಿ ಸುಮಾರು 400 ಮಂದಿ ಕುಳಿತಿದ್ದರು. ಮೂರು ಇಂಜಿನ್‌ಗಳು ಅವನ್ನು ಎಳೆದವು. ಮರುವರ್ಷ ಈ ಮಾರ್ಗ ಕಲ್ಯಾಣದವರೆಗೆ ವಿಸ್ತರಿಸಿತು. ಮಧ್ಯಾಹ್ನ ನಾವು ಇದೇ ಮಾರ್ಗದ ಲೋಕಲ್ ಗಾಡಿಯಲ್ಲಿ ಖಾರಿಯನ್ನು ದಾಟಿ, ಡೊಂಬಿವಲಿ ಮತ್ತು ಕಲ್ಯಾಣಗಳ ಮೂಲಕ ಅಂಬರನಾಥಕ್ಕೆ ಹೋಗುತ್ತೇವೆ.

ಅಂಬರನಾಥ

ನಿಲ್ದಾಣದಿಂದ ಸುಮಾರು 2 ಕಿಲೋಮೀಟರ್ ದೂರದಲ್ಲಿ, ವಾಲಧುನಿ ನದಿಯ ದಡದಲ್ಲಿ ಕಪ್ಪು ಶಿಲೆಯ ಶಿವಾಲಯವಿದೆ. ಶಕವರ್ಷ 982, ಅಂದರೆ 1060ರ ಶಾಸನದಲ್ಲಿ ಶಿಲಾಹಾರ ದೊರೆ ಮುಮ್ಮುಣಿಯ ಹೆಸರಿದೆ. ಹೊರಗೋಡೆಗಳ ಮೇಲೆ ದೇವತೆಗಳ ಶಿಲ್ಪಗಳು ಸಾಲುಸಾಲಾಗಿವೆ. ಮಂಟಪದಿಂದ ಮೆಟ್ಟಿಲುಗಳನ್ನಿಳಿದು ಗರ್ಭಗೃಹವನ್ನು ಸೇರಬೇಕು. ಅದರ ಮೇಲ್ಭಾಗ ಆಕಾಶಕ್ಕೆ ತೆರೆದುಕೊಂಡಿದೆ.

ಇದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ನಿತ್ಯಪೂಜೆ ನಡೆಯುವ ದೇಗುಲವೂ ಹೌದು. ಭಕ್ತಿಯಿಂದ ಶಿಲ್ಪಕ್ಕೆ ಬಳಿದ ಎಣ್ಣೆ–ಕುಂಕುಮವೂ ಕಲ್ಲಿಗೆ ಹಾನಿ ಮಾಡುತ್ತದೆ. ಪಕ್ಕದ ನದಿಯಾದರೋ ಕಾರ್ಖಾನೆಗಳ ಮತ್ತು ಊರಿನ ಕೊಳಚೆಯಿಂದ ಮಲಿನಗೊಂಡಿದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧ. ಆದರೆ ಕಾವಲುಗಾರನೊಬ್ಬನು ಎಲ್ಲರ ಕೈಗಳನ್ನೂ ಕಾಯಲಾರನು. ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದು ಸಂವಿಧಾನದ 51ಎ ವಿಧಿಯು ಪ್ರತಿಯೊಬ್ಬ ನಾಗರಿಕನಿಗೂ ವಿಧಿಸಿರುವ ಮೂಲಭೂತ ಕರ್ತವ್ಯ.

ಸಂಜೆ ಮಾಜಿವಾಡಾಕ್ಕೆ ಮರಳುವಾಗ ಮೊದಲೆರಡು ಪ್ರಶ್ನೆಗಳಿಗೆ ಶಾಸನಗಳಿಂದಲೂ ಗ್ರಂಥಗಳಿಂದಲೂ ಉತ್ತರ ದೊರೆತಿರುತ್ತದೆ. ಮೂರನೆಯದಕ್ಕೆ ಉತ್ತರ ಕೊಡಬೇಕಾದವರು ನಾವೇ.

ಚರ್ಚೆಗೆ

1. ಕೋಟೆ, ಕೋಪಿನೇಶ್ವರ ಮತ್ತು ಅಂಬರನಾಥಗಳಲ್ಲಿ ಬಳಕೆಯು ಕಟ್ಟಡವನ್ನು ಉಳಿಸಿದ್ದು ಎಲ್ಲಿ, ಹಾನಿಗೀಡುಮಾಡಿದ್ದು ಎಲ್ಲಿ?
2. ನಿಮ್ಮ ಬಡಾವಣೆಯಲ್ಲಿರುವ ಹಳೆಯ ಕೆರೆ, ಗುಡಿ ಅಥವಾ ಕಟ್ಟಡ ಯಾವುದು? ಮೇಲಿನ ಮೂರು ಪ್ರಶ್ನೆಗಳನ್ನು ಅದಕ್ಕೆ ಅನ್ವಯಿಸಿರಿ.